ಬಾವಿಯ ಕಟ್ಟೆಯ ಬಳಿ ಕಲಿತ ಪಾಠ



ಅಕ್ಕಲಕೋಟೆ ರೋಡ ನಿಲ್ದಾಣದಲ್ಲಿ ಪುಣೆಯ ಕಡೆಗೆ ಹೋಗುವ ಗಾಡಿಯನ್ನು ಹತ್ತಿದವರು ಸೊಲ್ಲಾಪುರ, ಮೋಹೋಳ, ಕುರ್ಡುವಾಡಿಗಳನ್ನು ದಾಟಿ, ದೌಂಡ ಜಂಕ್ಷನ್ನನ್ನು ಹಿಂದೆ ಹಾಕಿದ ಮೇಲೆ ಕೇಡಗಾಂವ ಎಂಬ ಚಿಕ್ಕ ನಿಲ್ದಾಣವನ್ನು ಕಾಣುವರು. ಅನೇಕರು ಅದರ ಹೆಸರನ್ನು ಓದದೆಯೇ ಮುಂದೆ ಸಾಗುವುದುಂಟು. ಆ ಊರಿನಲ್ಲಿ ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಸದನವಿರುವುದು. ಅದೇ ಹಳಿಯನ್ನು ಹಿಡಿದು ಎದುರು ದಿಕ್ಕಿಗೆ ಹೊರಟರೆ ಕಲಬುರಗಿ ಬರುವುದು. ಅಲ್ಲಿಯೂ 1910ರ ದಶಕದ ಆರಂಭದಲ್ಲಿ ರಮಾಬಾಯಿಯವರು ಮಗಳಾದ ಮನೋರಮೆಯೊಡನೆ ಒಂದು ಶಾಲೆಯನ್ನು ತೆರೆದಿದ್ದರು. ಹೀಗೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳು ಅವರ ಎರಡು ಕಾರ್ಯಕ್ಷೇತ್ರಗಳ ನಡುವಣ ದಾರಿಯಲ್ಲಿವೆ. ಆದರೂ ನಮ್ಮ ಮಕ್ಕಳಲ್ಲಿ ಅವರ ಹೆಸರನ್ನು ಬಲ್ಲವರು ವಿರಳ. ಈ ಸಂಚಿಕೆಯಲ್ಲಿ ಅವರ ಜೀವನದ ಸಮಗ್ರ ಚರಿತ್ರೆಯನ್ನು ಹೇಳುವ ಉದ್ದೇಶ ನಮಗಿಲ್ಲ. ಧರ್ಮವನ್ನು ಬಲ್ಲವರು ತಪ್ಪಿದವರನ್ನು ಹೇಗೆ ಕಾಣಬೇಕೆಂಬ ಒಂದು ಪ್ರಶ್ನೆಯನ್ನು ಮಾತ್ರ ಅವರ ಬಾಳಿನ ಬೆಳಕಿನಲ್ಲಿ ವಿಚಾರಿಸೋಣ.

ರಮಾಬಾಯಿಯವರು ಜನಿಸಿದುದು 1858ರ ಏಪ್ರಿಲ್ 23ರಂದು, ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದಲ್ಲಿರುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಜಾತಿಬಾಂಧವರ ಸಿಟ್ಟಿಗೆ ಗುರಿಯಾದವರು. ಆ ತಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದಳು. ಕುಟುಂಬವು ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. 1874ರ ಸುಮಾರಿಗೆ ಬರಗಾಲ ಬಂದಾಗ ಕೈಯಲ್ಲಿದ್ದುದೆಲ್ಲ ಮುಗಿದು, ಕಾಡಿನ ಎಲೆಗಳನ್ನು ತಿಂದು ದಿನ ನೂಕುವ ಸ್ಥಿತಿ ಒದಗಿತು. ಮೊದಲು ತಂದೆ, ಬಳಿಕ ತಾಯಿ, ಅಕ್ಕ, ಒಬ್ಬೊಬ್ಬರಾಗಿ ತೀರಿಹೋದರು. ಸಾಯುವ ಮುನ್ನ ತಾಯಿಗೆ ಒಂದಿಷ್ಟು ಅನ್ನಕ್ಕಾಗಿ ಆಸೆಯಾಗಲು, ಮಗಳು ನೆರೆಮನೆಯ ಬಾಗಿಲಿಗೆ ಹೋಗಿ, ಬೇಡಲು ನಾಲಗೆ ಏಳದೆ ನಿಂತು, ಕೊನೆಗೆ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ತಂದಳು. ತಾಯಿಗೆ ಅದನ್ನು ನುಂಗಲು ಶಕ್ತಿಯಿರಲಿಲ್ಲ. ಸಜ್ಜೆಯ ರೊಟ್ಟಿಯ ರುಚಿಯನ್ನು ಬಲ್ಲ ನಮ್ಮ ಭಾಗದ ತಾಯಂದಿರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಣ್ಣನೊಡನೆ ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲಕತ್ತೆಗೆ ಬಂದ ಈ ಇಪ್ಪತ್ತರ ಯುವತಿಯ ವಿದ್ವತ್ತಿಗೆ ಅಲ್ಲಿಯ ಪಂಡಿತರು ಬೆರಗಾದರು. 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳು ಆಗ ದೊರೆತವು. ಆಕೆ ವಂಗದೇಶದ ಬಿಪಿನ್ ಬಿಹಾರಿ ಮೇಧವಿಯವರನ್ನು ವರಿಸಿದರು. 1882ರಲ್ಲಿ ಪತಿಯು ಕಾಲರಾಕ್ಕೆ ತುತ್ತಾಗಲು ಎಳೆಯ ಮಗುವಿನೊಡನೆ ವಿಧವೆಯಾದರು. ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದರ ಶಾಖೆಗಳಲ್ಲೊಂದು ನಮ್ಮ ಸೊಲ್ಲಾಪುರದಲ್ಲಿಯೂ ಇತ್ತು ಎಂಬುದನ್ನು ಇಲ್ಲಿಯ ವಿದ್ಯಾರ್ಥಿನಿಯರು ನೆನಪಿನಲ್ಲಿಡಬೇಕು.

ಇನ್ನು ನಮ್ಮ ವಿಷಯಕ್ಕೆ ಬರೋಣ. 1883ರಲ್ಲಿ ರಮಾಬಾಯಿಯವರು ಹೆಚ್ಚಿನ ವಿದ್ಯೆಗಾಗಿ ಇಂಗ್ಲಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಅವರ ವಾಸ. ಒಮ್ಮೆ ಆ ಸಹೋದರಿಯರು ಅವರನ್ನು ಲಂಡನ್ನಿನ ಫುಲ್‌ಹ್ಯಾಮ್ ಭಾಗದಲ್ಲಿದ್ದ ತಮ್ಮ ಆಶ್ರಯಗೃಹಕ್ಕೆ ಕರೆದೊಯ್ದರು. ಸಮಾಜವು ದಾರಿ ತಪ್ಪಿದವರೆಂದು ಹೊರಗೆ ದೂಡಿದ ಸ್ತ್ರೀಯರು ಅಲ್ಲಿದ್ದರು. ಯಾರೂ ಅವರನ್ನು ಹೀಯಾಳಿಸುತ್ತಿರಲಿಲ್ಲ. ಹಿಂದೊಮ್ಮೆ ಅಂಥವರಲ್ಲಿ ಒಬ್ಬಳಾಗಿದ್ದವಳು ಈಗ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದಳು. ರಮಾಬಾಯಿಯವರಿಗೆ ಇದು ಹೊಸ ನೋಟ. ಅವರು ಕಂಠಪಾಠ ಮಾಡಿದ್ದ ಸ್ಮೃತಿಗಳಲ್ಲಿ ಇಂಥ ಸ್ತ್ರೀಯರಿಗೆ ರಾಜನು ವಿಧಿಸಬೇಕಾದ ಘೋರ ಶಿಕ್ಷೆಯ ಮಾತಿತ್ತೇ ಹೊರತು ಮರಳಿ ಬಾಳುವ ದಾರಿಯ ಮಾತಿರಲಿಲ್ಲವೆಂದು ಅವರು ಮುಂದೆ ಬರೆದಿರುವರು. ನೀವು ಇವರನ್ನು ಏಕೆ ಹೀಗೆ ಆದರಿಸುತ್ತೀರಿ ಎಂದು ಅವರು ಕೇಳಲು, ಸಹೋದರಿಯೊಬ್ಬಳು ಉಪದೇಶ ಮಾಡಲಿಲ್ಲ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆರೆದು ಓದಿ ತೋರಿಸಿದಳು.

ಆ ಅಧ್ಯಾಯದ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುವೆವು. ಯೇಸುವು ದಣಿದು ಸಮಾರ್ಯ ಸೀಮೆಯ ಯಾಕೋಬನ ಬಾವಿಯ ಬಳಿ ಕುಳಿತಿದ್ದಾನೆ. ನಡುಹಗಲು. ಒಬ್ಬ ಹೆಂಗಸು ಒಂಟಿಯಾಗಿ ನೀರಿಗೆ ಬರುತ್ತಾಳೆ. ಸುಡುವ ಬಿಸಿಲಿನಲ್ಲಿ ಒಬ್ಬಳೇ ನೀರಿಗೆ ಏಕೆ ಬಂದಳು? ಗ್ರಂಥವು ಕಾರಣ ಹೇಳುವುದಿಲ್ಲ. ಆದರೆ ನಮ್ಮ ಹಳ್ಳಿಗಳನ್ನು ಬಲ್ಲವರು ಊಹಿಸಬಹುದು. ಮುಂಜಾನೆ ಮತ್ತು ಸಂಜೆ ಬಾವಿಯ ಕಟ್ಟೆಯ ಮೇಲೆ ಕೊಡಗಳು ಮಾತ್ರವಲ್ಲ, ನಾಲಗೆಗಳೂ ಸಾಲುಗೂಡುವವು. ಆ ನಾಲಗೆಗಳಿಗೆ ಅಂಜಿದವಳು ಬಿಸಿಲಿಗೆ ಅಂಜಲಾರಳು. ಆಕೆಗೆ ಐವರು ಗಂಡಂದಿರು ಆಗಿಹೋಗಿದ್ದರು; ಈಗ ಇದ್ದವನು ಗಂಡನಾಗಿರಲಿಲ್ಲ. ಮೇಲಾಗಿ ಅವಳು ಯೆಹೂದ್ಯರು ಮುಟ್ಟದ ಕುಲದವಳು. ಆದರೆ ಯೇಸು ಅವಳಲ್ಲಿ ಕುಡಿಯಲು ನೀರು ಬೇಡಿದನು. ಸೊನ್ನಲಿಗೆಯ ಸಿದ್ಧರಾಮರು ಜನರಿಗಾಗಿ ಕೆರೆ ಕಟ್ಟಿಸಿದ ಊರಿನವರು ನಾವು. ನೀರಿನ ಬೆಲೆಯನ್ನು ಬಲ್ಲೆವು. ಯಾರ ಕೈಯ ನೀರನ್ನು ಯಾರು ಕುಡಿಯರೆಂಬ ಲೆಕ್ಕವನ್ನೂ ನಮ್ಮ ಹಿರಿಯರು ಬಲ್ಲರು. ಆದುದರಿಂದ ಆ ಬೇಡಿಕೆಯ ಅರ್ಥವು ಬೇರೆ ದೇಶದವರಿಗಿಂತ ನಮಗೆ ಬೇಗನೆ ಆಗಬೇಕು.

ಒಂದು ಸಂಗತಿಯನ್ನು ಗಮನಿಸಿರಿ. ಯೇಸುವು ಅವಳ ಬಾಳಿನ ಸತ್ಯವನ್ನು ಮುಚ್ಚಿಡಲಿಲ್ಲ. ಅದನ್ನು ಅವಳ ಮುಂದೆಯೇ ಹೇಳಿದನು. ಕರುಣೆಯೆಂದರೆ ತಪ್ಪನ್ನು ಒಪ್ಪೆನ್ನುವುದೆಂದು ಕೆಲವರು ಹೆದರುವರು. ಈ ಕಥೆಯಲ್ಲಿ ಅಂಥದೇನೂ ಇಲ್ಲ. ಇಲ್ಲಿ ನೀರು ಬೇಡುವುದು ಮೊದಲು, ತಪ್ಪಿನ ಮಾತು ಆಮೇಲೆ. ನಾವು ಸಾಮಾನ್ಯವಾಗಿ ತಪ್ಪಿನ ಮಾತನ್ನು ಮೊದಲು ಆಡಿ, ಅಲ್ಲಿಗೇ ಮುಗಿಸಿಬಿಡುವೆವು.

ರಮಾಬಾಯಿಯವರು ಅದೇ ವರ್ಷದ ಸೆಪ್ಟೆಂಬರ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಇದನ್ನು ಓದಿ ಇಂಗ್ಲಂಡವೆಲ್ಲ ಕರುಣೆಯ ಬೀಡೆಂದು ಮಕ್ಕಳು ತಿಳಿಯಬಾರದು. 1864ರಲ್ಲಿ ಮೊದಲು ಜಾರಿಗೆ ಬಂದು 1886ರಲ್ಲಿ ರದ್ದಾದ ಕಾಯ್ದೆಗಳ ಮೇರೆಗೆ ಅಲ್ಲಿಯ ಪೋಲೀಸರು ಕೆಲವು ಪಟ್ಟಣಗಳಲ್ಲಿ ಇಂಥ ಹೆಂಗಸರನ್ನು ಬಲಾತ್ಕಾರದಿಂದ ಹಿಡಿದು ಪರೀಕ್ಷೆಗೆ ಗುರಿಮಾಡುತ್ತಿದ್ದರು. ಅವರ ಬಳಿಗೆ ಹೋದ ಗಂಡಸರನ್ನು ಯಾರೂ ಹಿಡಿಯುತ್ತಿರಲಿಲ್ಲ. ಹಾಗೆಯೇ ನಮ್ಮ ದೇಶದಲ್ಲಿ ಕರುಣೆ ಇರಲೇ ಇಲ್ಲವೆಂದೂ ತಿಳಿಯಬಾರದು. ನಮ್ಮ ಜಿಲ್ಲೆಯ ಪಂಢರಪುರದಲ್ಲಿ 1875ರಲ್ಲಿಯೇ, ಲೋಕಾಪವಾದಕ್ಕೆ ಅಂಜಿ ಕೂಸನ್ನು ಕೊಲ್ಲುವ ಸ್ಥಿತಿಗೆ ಬಂದ ವಿಧವೆಯರಿಗೂ ಅವರ ಹಸುಗೂಸುಗಳಿಗೂ ಆಶ್ರಯ ಕೊಡುವ ಗೃಹವು ಆರಂಭವಾಗಿ ಪ್ರಾರ್ಥನಾ ಸಮಾಜದವರ ಪಾಲನೆಯಲ್ಲಿ ನಡೆಯಿತು. ವಿಠ್ಠಲನ ದರ್ಶನಕ್ಕೆ ಹೋಗುವವರು ಆ ಪುಣ್ಯಕಾರ್ಯವನ್ನೂ ನೆನೆಯುವುದು ಯೋಗ್ಯ.

ಈಗ ಕಥೆಯಲ್ಲಿ ಒಂದು ತಿರುವು ಬರುವುದು. ನಮ್ಮ ಅಭಿಪ್ರಾಯದಲ್ಲಿ ಇದೇ ಹೆಚ್ಚು ವಿಚಾರಾರ್ಹವಾದ ಭಾಗ. ಫುಲ್‌ಹ್ಯಾಮಿನಲ್ಲಿ ಪತಿತೆಯರ ಬಗ್ಗೆ ಅಷ್ಟು ಮೃದುವಾಗಿದ್ದ ಆ ಮಠದವರೇ ರಮಾಬಾಯಿಯವರ ವಿಷಯದಲ್ಲಿ ಬಿಗಿಯಾದರು. ಗುರುಮಾತೆಯಂತಿದ್ದ ಸಿಸ್ಟರ್ ಜೆರಾಲ್ಡೀನ್ ಅವರಿಗೂ ರಮಾಬಾಯಿಯವರಿಗೂ 1885ರ ಸುಮಾರಿಗೆ ದೀರ್ಘವಾದ ಪತ್ರವಾದ ನಡೆಯಿತು. ತ್ರಯೈಕ್ಯದ ಸಿದ್ಧಾಂತವನ್ನು ಸಭೆಯು ಹೇಳಿದ ಮಾತಿನಲ್ಲಿಯೇ ಒಪ್ಪಲು ರಮಾಬಾಯಿಯವರ ಮನಸ್ಸು ಆಗ ಸಿದ್ಧವಿರಲಿಲ್ಲ. ತಾನೇ ಓದಿ, ತಾನೇ ತೂಗಿ ನೋಡಿ ಒಪ್ಪುವೆನೆಂಬುದು ಅವರ ನಿಲುವು. ಇದು ಅಹಂಕಾರವೆಂದೂ ಅವಿಧೇಯತೆಯೆಂದೂ ಸಿಸ್ಟರರಿಗೆ ತೋರಿತು. ರಮಾಬಾಯಿಯವರು ಮಾಂಸಾಹಾರವನ್ನು ಮುಟ್ಟದಿದ್ದುದೂ ಆಕ್ಷೇಪಕ್ಕೆ ಕಾರಣವಾಯಿತು! ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಅವರು ಗಂಡುಹುಡುಗರಿಗೂ ಪಾಠ ಹೇಳಬಹುದೆಂಬ ಸುದ್ದಿ ಹುಟ್ಟಿದಾಗ, ಅದು ಭಾರತದಲ್ಲಿ ಅವರ ಹೆಸರಿಗೆ ಕುಂದೆಂದು ಬಿಷಪ್ಪರೂ ತಡೆದರು. ಪುರೋಹಿತರ ನೊಗವನ್ನು ಕಷ್ಟಪಟ್ಟು ಇಳಿಸಿ ಬಂದವಳು ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆನೆಂಬ ಭಾವದಿಂದ ರಮಾಬಾಯಿಯವರು ಉತ್ತರಿಸಿದರು. ಆ ಕಾಲೇಜಿನ ಮುಖ್ಯೋಪಾಧ್ಯಾಯಿನಿ ಡೊರೊಥಿಯಾ ಬೀಲ್ ಎಂಬವರು ಮಾತ್ರ ಬೇರೆ ರೀತಿ ಹಿಡಿದರು. ಸಂಶಯಪಡುವವಳನ್ನು ಗದರಿಸದೆ, ಅವಳ ಪ್ರಶ್ನೆಗಳಿಗೆ ತಾಳ್ಮೆಯಿಂದ ಪತ್ರ ಬರೆದರು.

ಹಾಗಾದರೆ ಸಿಸ್ಟರ್ ಜೆರಾಲ್ಡೀನರು ಕೆಟ್ಟವರೇ? ಅಲ್ಲ. ರಮಾಬಾಯಿಯವರ ಮಗಳನ್ನು ಅವರು ವಾತ್ಸಲ್ಯದಿಂದ ನೋಡಿಕೊಂಡರು. ತಮ್ಮ ಮೇಲೆ ಆಕ್ಷೇಪವಿದ್ದ ಪತ್ರಗಳನ್ನು ಸುಟ್ಟುಹಾಕದೆ ಜೋಡಿಸಿ ಕಾದಿಟ್ಟವರೂ ಅವರೇ. 1977ರಲ್ಲಿ ಅವು ಗ್ರಂಥರೂಪದಲ್ಲಿ ಪ್ರಕಟವಾದವು. ಒಳ್ಳೆಯವರೇ ಒಂದೆಡೆ ಕರುಣಾಳುಗಳೂ ಇನ್ನೊಂದೆಡೆ ಕಠೋರರೂ ಆಗುವರು. ದೂರದ ಪಾಪಿಯನ್ನು ಕ್ಷಮಿಸುವುದು ಸುಲಭ. ಪಕ್ಕದಲ್ಲಿ ಕುಳಿತು ನಮ್ಮಂತೆ ಯೋಚಿಸದವನನ್ನು ಸಹಿಸುವುದೇ ಕಷ್ಟ.

ರಮಾಬಾಯಿಯವರು 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಪುಣೆಗೆ ಸಾಗಿಸಿದರು. ತಾವು ಕ್ರೈಸ್ತರಾದರೂ ಅಲ್ಲಿ ಬ್ರಾಹ್ಮಣ ವಿಧವೆಯರು ತಮ್ಮ ಆಚಾರದಂತೆ ಉಣ್ಣಲು ಏರ್ಪಾಡು ಮಾಡಿದ್ದರು. ತಮ್ಮ ಪ್ರಾರ್ಥನೆಗೆ ಬರಬೇಕೆಂದು ಯಾರನ್ನೂ ಕರೆಯಲಿಲ್ಲ, ಬಂದವರನ್ನು ಅಟ್ಟಲೂ ಇಲ್ಲ. ಇದರಿಂದಲೇ 1893ರಲ್ಲಿ ದೊಡ್ಡ ಗದ್ದಲವೆದ್ದು, ರಾನಡೆ, ಭಾಂಡಾರಕರ ಮೊದಲಾದ ಸಲಹೆಗಾರರು ಹೊರಬಂದರು. ಹಲವು ಪಾಲಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಮಹನೀಯರೂ ಸ್ತ್ರೀಯರ ಹಿತಕ್ಕಾಗಿ ದುಡಿದವರೇ. ಮತನಿರಪೇಕ್ಷವಾಗಿರುವುದೆಂದು ಕೊಟ್ಟ ವಚನಕ್ಕೆ ಭಂಗ ಬಂದಿತೆಂದು ಅವರು ನಂಬಿದರು. ಯಾರ ಪಕ್ಷದಲ್ಲಿ ನ್ಯಾಯ ಹೆಚ್ಚಿತ್ತೆಂಬ ವಿವಾದಕ್ಕೆ ನಾವು ಇಳಿಯೆವು. ಹಿಂದೂಗಳಿಗೆ ಆಕೆ ಧರ್ಮಭ್ರಷ್ಟೆ, ಸಭೆಯ ಹಲವರಿಗೆ ಅರೆ ಕ್ರೈಸ್ತಳು. ಎರಡೂ ಕಟಕಟೆಗಳಲ್ಲಿ ನಿಂತ ಆ ಹೆಂಗಸು ತಾನು ನ್ಯಾಯಾಧೀಶಳಾಗಿ ಕೂರಲಿಲ್ಲವೆಂಬುದು ನಮಗೆ ಮುಖ್ಯ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಿತು. ತನ್ನ ತಾಯಿಯ ಸಾವನ್ನು ಮರೆಯದ ರಮಾಬಾಯಿಯವರು ಅಲ್ಲಿಗೆ ಧಾವಿಸಿ, ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವದ ಹೊಲದಲ್ಲಿ ನೆಲೆಗೊಳಿಸಿದರು. 1900ರ ಗುಜರಾತಿನ ಬರಗಾಲದ ಹೊತ್ತಿಗೆ ಮುಕ್ತಿ ಸದನದ ನಿವಾಸಿಗಳು ಎರಡು ಸಾವಿರದ ಸಮೀಪಕ್ಕೆ ಏರಿದರು. ನೇಯ್ಗೆ, ಎಣ್ಣೆಯ ಗಾಣ, ಮುದ್ರಣಾಲಯ, ಕುರುಡರಿಗೆ ಬ್ರೈಲ್ ಪಾಠ, ಎಲ್ಲವೂ ಅಲ್ಲಿದ್ದವು. ಅದರೊಳಗೆ ಒಂದು ಮನೆಗೆ 'ಕೃಪಾ ಸದನ'ವೆಂಬ ಹೆಸರು. ಅದು ಯಾರೂ ಸೇರಿಸದ, ಊರು ಹೊರಹಾಕಿದ ಹೆಂಗಸರ ಮನೆ. ಫುಲ್‌ಹ್ಯಾಮಿನಲ್ಲಿ ಬಿದ್ದ ಬೀಜವು ಭೀಮಾ ತೀರದ ಬಯಲಿನಲ್ಲಿ ಹೀಗೆ ಫಲಿಸಿತು. ರಮಾಬಾಯಿಯವರು 1922ರ ಏಪ್ರಿಲ್ 5ರಂದು, ಬೈಬಲಿನ ಮರಾಠಿ ಅನುವಾದವನ್ನು ಪೂರೈಸಿ, ಕೇಡಗಾಂವದಲ್ಲಿಯೇ ದೇಹಬಿಟ್ಟರು.

ಇಷ್ಟು ಹೇಳಿದ ಮೇಲೆ ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಈ ಲೇಖನವು ಅಪ್ರಾಮಾಣಿಕವಾದೀತು. ಹಲವು ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಪುಸ್ತಕ, ಶುಲ್ಕ ಕೊಡುವ ಸಮಿತಿಯೊಂದರಲ್ಲಿ ಇದ್ದೆವು. ಏಳನೆಯ ಇಯತ್ತೆಯ ಒಬ್ಬ ಹುಡುಗನ ಅರ್ಜಿ ಬಂದಿತು. ತಾಯಿ ಬೀಡಿ ಕಟ್ಟುವವಳು. ಗಂಡನನ್ನು ಬಿಟ್ಟು ಬೇರೊಬ್ಬನೊಡನೆ ಇರುವಳೆಂದು ಊರಲ್ಲಿ ಮಾತಿತ್ತು. ಅರ್ಜಿಯಲ್ಲಿ ಕುಟುಂಬದ ನಡತೆಯ ಬಗ್ಗೆ ಇಬ್ಬರು ಪ್ರತಿಷ್ಠಿತರ ದಾಖಲೆ ಬೇಕೆಂಬ ಒಂದು ಅಂಕಣವಿದ್ದಿತು. ಆಕೆಗೆ ಆ ಸಹಿಗಳು ದೊರೆಯಲಿಲ್ಲ. ನಿಯಮವೆಂದರೆ ನಿಯಮ, ಇಂಥವರಿಗೆ ಕೊಟ್ಟರೆ ಊರಿಗೆ ಏನು ಹೇಳೋಣ ಎಂದು ಸಭೆಯಲ್ಲಿ ನುಡಿದವರು ಬೇರೆ ಯಾರೂ ಅಲ್ಲ, ನಾವೇ. ಆಕೆ ಹೊರಗೆ ಪಡಸಾಲೆಯಲ್ಲಿ ನಿಂತಿದ್ದಳು. ಮಾತು ಕಿವಿಗೆ ಬಿದ್ದಿರಬೇಕು. ಏನನ್ನೂ ಕೇಳದೆ ಮಗನ ಕೈಹಿಡಿದು ಹೊರಟುಹೋದಳು. ಅವರಿಬ್ಬರು ಮುಂಜಾನೆಯಿಂದ ಏನಾದರೂ ಉಂಡಿದ್ದರೋ ಎಂದು ಕೇಳುವುದು ನಮಗೆ ಹೊಳೆಯಲಿಲ್ಲ. ಹುಡುಗನು ಮುಂದಿನ ತಿಂಗಳು ಶಾಲೆ ಬಿಟ್ಟು ಸೊಲ್ಲಾಪುರದ ಒಂದು ಚಾದರ ಕಾರಖಾನೆಗೆ ಸೇರಿದನೆಂದು ತಿಳಿಯಿತು. ಹುಡುಕಲು ಹೋದಾಗ ಅವನು ಅಲ್ಲಿಯೂ ಇರಲಿಲ್ಲ.

ನಮ್ಮ ಸಂಸ್ಥೆಯ ಸಹಾಯನಿಧಿಯ ಅರ್ಜಿಯಲ್ಲಿ ಅಂಥ ಅಂಕಣವಿಲ್ಲ. ಮಗುವಿನ ಹೆಸರು, ಇಯತ್ತೆ, ಬೇಕಾದ ಪುಸ್ತಕಗಳು, ಇಷ್ಟನ್ನು ಬರೆದರೆ ಸಾಕು. ಬರೆಯಲು ಬಾರದ ತಾಯಂದಿರು ಬಾಯಿಮಾತಿನಲ್ಲಿ ಹೇಳಿದರೆ ಶಿಕ್ಷಕರು ಬರೆದುಕೊಳ್ಳುವರು. ಅರ್ಜಿಯ ನಮೂನೆಯು ಶಾಲೆಯ ಕಚೇರಿಯಲ್ಲಿ ಜೂನ್ ತಿಂಗಳಿನಿಂದ ದೊರೆಯುವುದು. ಪಾಲಕರು ಒಳಗೆ ಬಂದು ಕುಳಿತು ಮಾತಾಡಬೇಕಾಗಿ ವಿನಂತಿ.