ಮಳೆಗಾಲದಲ್ಲೂ ಬರೆಯುವ ಪೆನ್ನು

ಹೈಸ್ಕೂಲಿಗೆ ಬಂದ ಮಕ್ಕಳಿರಲಿ, ಹೊಸದಾಗಿ ಸೊಸೈಟಿಯಲ್ಲಿ ಲೆಕ್ಕ ಬರೆಯಲು ಸೇರಿದವರಿರಲಿ, ಕೇಳುವ ಪ್ರಶ್ನೆ ಒಂದೇ: ಯಾವ ಕಂಪನಿಯ ಪೆನ್ನು ಒಳ್ಳೆಯದು? ಕಂಪನಿಯ ಮಾತು ಆಮೇಲೆ. ನೀವು ಎಂಥ ಹವೆಯಲ್ಲಿ, ಎಂಥ ಕಾಗದದ ಮೇಲೆ ಬರೆಯುತ್ತೀರಿ ಎಂಬುದನ್ನು ಮೊದಲು ನೋಡಬೇಕು. ನಮ್ಮ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ವರ್ಷಕ್ಕೆ 3,000 ಮಿಲಿಮೀಟರು ಮೀರಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಆ ದಿನಗಳಲ್ಲಿ ಕಪಾಟಿನೊಳಗಿನ ಪಟ್ಟಿಗೂ ಥಂಡಿ ಹಿಡಿಯುತ್ತದೆ. ಹಾಳೆ ತಿರುವಿದರೆ ಸದ್ದು ಬರುವುದಿಲ್ಲ. ಕಾಗದದ ನಾರು ತೇವ ಹೀರಿಕೊಂಡಿರುವಾಗ ನೀರಿನಂಶದ ಶಾಯಿ ಗೆರೆ ಬಿಟ್ಟು ಆಚೀಚೆ ಹಬ್ಬುತ್ತದೆ, ಬೇಗ ಒಣಗುವುದೂ ಇಲ್ಲ. ಬೆಂಗಳೂರಿನಲ್ಲಿರುವ ಅಣ್ಣ ಮೆಚ್ಚಿ ಕಳಿಸಿದ ಪೆನ್ನು ಆಷಾಢದ ಕುಮಟೆಯಲ್ಲಿ ಹಾಗೆಯೇ ಬರೆದೀತು ಎಂದು ಹೇಳಲಾಗದು.

ಹಾಗಾಗಿ ಪೆನ್ನಿನ ಹೊರಮೈಗಿಂತ ಅದರ ಹೊಟ್ಟೆಯಲ್ಲಿರುವ ಶಾಯಿಯನ್ನು ತಿಳಿದುಕೊಳ್ಳಿ. ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ: ಬಾಲ್‌ಪೆನ್ನು, ಜೆಲ್ ಪೆನ್ನು, ಶಾಯಿ ತುಂಬುವ ನಿಬ್ಬಿನ ಪೆನ್ನು.

ಬಾಲ್‌ಪೆನ್ನಿನದು ಎಣ್ಣೆಯ ಗುಣದ ಮಂದ ಶಾಯಿ. ಹಂಗೇರಿಯ ಪತ್ರಕರ್ತ ಲಾಸ್ಲೋ ಬಿರೋ ಪತ್ರಿಕೆ ಅಚ್ಚು ಮಾಡುವ ಶಾಯಿ ಎಷ್ಟು ಬೇಗ ಒಣಗುತ್ತದೆ ಎಂಬುದನ್ನು ಗಮನಿಸಿದ್ದ. ಅಷ್ಟು ಮಂದವಾದ ಶಾಯಿ ನಿಬ್ಬಿನಲ್ಲಿ ಇಳಿಯುವುದಿಲ್ಲ. ಸಹೋದರ ಗ್ಯೋರ್ಗಿಯ ನೆರವಿನಿಂದ, ಮೊನೆಯಲ್ಲಿ ಉರುಳುವ ಸಣ್ಣ ಗುಂಡೊಂದನ್ನು ಕೂರಿಸಿ ಆ ತೊಡಕು ಬಿಡಿಸಿದ. 1938ರಲ್ಲಿ ಪೇಟೆಂಟ್ ಪಡೆದ. ಇಂದಿನ ಪೆನ್ನಿನ ಗುಂಡು ಹೆಚ್ಚಾಗಿ ಟಂಗ್‌ಸ್ಟನ್ ಕಾರ್ಬೈಡಿನದು, ಉಕ್ಕಿಗಿಂತ ಗಟ್ಟಿ. ಗುಂಡು ಉರುಳುತ್ತ ಒಳಗಿನ ಶಾಯಿಯನ್ನು ಮೈಗೆ ಹಚ್ಚಿಕೊಂಡು ಬಂದು ಕಾಗದಕ್ಕೆ ಬಳಿಯುತ್ತದೆ. ಶಾಯಿ ಕೆಳಗಿಳಿಯಲು ಅದರದೇ ಭಾರ ಬೇಕು. ಗೋಡೆಯ ಕ್ಯಾಲೆಂಡರಿನ ಮೇಲೆ ಮೊನೆ ಮೇಲಾಗಿ ಹಿಡಿದು ಬರೆದರೆ ಸ್ವಲ್ಪದರಲ್ಲೇ ನಿಂತುಹೋಗುವುದು ಇದಕ್ಕೇ. ಕೆಟ್ಟಿತೆಂದು ಎಸೆಯಬೇಡಿ, ಮೊನೆ ಕೆಳಗೆ ಮಾಡಿ ಒಂದಿಷ್ಟು ಗೀಚಿದರೆ ಹೆಚ್ಚಿನ ಸಲ ಸರಿಯಾಗುತ್ತದೆ.

ನಮ್ಮ ಕರಾವಳಿಗೆ ಈ ಶಾಯಿಯ ಗುಣ ಬಹಳ ಒಗ್ಗುತ್ತದೆ. ಭಟ್ಕಳದ ಬಂದರಿನಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟಾ ತಾಲೂಕಿನ ತದಡಿಯಲ್ಲಿ ಮೀನಿನ ಲೆಕ್ಕ ಬರೆಯುವವರ ಕೈ ಒಣಗಿರುವುದೇ ಅಪರೂಪ. ಅಲ್ಲಿ ನೀರು ಬಿದ್ದರೆ ಕರಗದ ಶಾಯಿಯೇ ಬೇಕು. ಬಾಲ್‌ಪೆನ್ನಿನ ಬರಹದ ಮೇಲೆ ಮಳೆಹನಿ ಬಿದ್ದರೂ ಅಕ್ಷರ ನಿಲ್ಲುತ್ತದೆ. ಬಿಸಿಲು ಮಾತ್ರ ಅದಕ್ಕೆ ಆಗದು: ಕಿಟಕಿಯ ಬಳಿ ತಿಂಗಳುಗಟ್ಟಲೆ ಬಿದ್ದಿರುವ ಹಾಳೆಯಲ್ಲಿ ಬಣ್ಣ ಮಾಸುತ್ತ ಹೋಗುತ್ತದೆ.

ಜೆಲ್ ಪೆನ್ನು ಈಚಿನದು. ಜಪಾನಿನ ಸಕುರಾ ಕಂಪನಿ 1984ರಲ್ಲಿ ಮೊದಲು ಹೊರತಂದಿತು. ಇಲ್ಲಿ ಶಾಯಿಯ ಬುಡ ನೀರು. ಸುಮ್ಮನಿರುವಾಗ ಗಟ್ಟಿಯಾಗಿರುವ ಶಾಯಿ ಗುಂಡು ಉರುಳಿದೊಡನೆ ತೆಳುವಾಗಿ ಹರಿಯುತ್ತದೆ. ಒತ್ತಿ ಬರೆಯಬೇಕಾಗಿಲ್ಲ, ಗೆರೆ ಕಡುವಾಗಿ ಬೀಳುತ್ತದೆ, ಮೂರು ತಾಸು ಬರೆದರೂ ಬೆರಳು ಅಷ್ಟು ನೋಯುವುದಿಲ್ಲ. ಆದರೆ ಬೇಗ ತೀರುತ್ತದೆ. ನಮ್ಮ ಹವೆಯಲ್ಲಿ ತಡವಾಗಿ ಒಣಗುತ್ತದೆ. ಕೆಲವು ಜೆಲ್ ಶಾಯಿ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ಕೆಲವು ಕರಗಿ ಹರಿಯುತ್ತವೆ. ಹೊರಗಿನಿಂದ ನೋಡಿ ಹೇಳಲಾಗದು. ಒಂದು ಸಾಲು ಬರೆಯಿರಿ, ಹತ್ತು ನಿಮಿಷ ಬಿಡಿ, ಮೇಲೆ ಒಂದು ಹನಿ ನೀರು ಹಾಕಿ ಬೆರಳಿನಿಂದ ಸವರಿ. ಬ್ಯಾಂಕಿನ ಅರ್ಜಿ, ಆಸ್ತಿಯ ಕಾಗದಗಳಿಗೆ ಈ ಪರೀಕ್ಷೆಯಲ್ಲಿ ಗೆದ್ದ ಪೆನ್ನನ್ನಷ್ಟೇ ಬಳಸಿ.

ಇನ್ನು ಮೊನೆಯ ಅಳತೆ. ಕಡ್ಡಿಯ ಮೇಲೆ 0.5, 0.7, 1.0 ಎಂದು ಬರೆದಿರುವುದು ಗುಂಡಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಕಾಗದದ ಮೇಲೆ ಬೀಳುವ ಗೆರೆ ಅದಕ್ಕಿಂತ ಸಣ್ಣ. ಈ ಅಂಕಿಯನ್ನು ಆರಿಸುವಾಗ ನೀವು ಬರೆಯುವ ಲಿಪಿಯನ್ನು ನೆನೆಯಬೇಕು. ನಮ್ಮ ಅಕ್ಷರಗಳೆಲ್ಲ ದುಂಡು. ‘ತಿ’, ‘ಣ’, ‘ಖ’ ಬರೆಯುವಾಗ ಗುಂಡು ಎಲ್ಲ ದಿಕ್ಕಿಗೂ ತಿರುಗುತ್ತದೆ. ಅಗ್ಗದ ಬಾಲ್‌ಪೆನ್ನಿನಲ್ಲಿ, ಮೊನೆಯ ಅಂಚಿನಲ್ಲಿ ಕೂಡಿಕೊಂಡ ಶಾಯಿ ತಿರುವು ಮುಗಿದೊಡನೆ ಬೊಟ್ಟಾಗಿ ಬೀಳುತ್ತದೆ. ಶಾಯಿ ಕಕ್ಕುತ್ತದೆ ಎನ್ನುತ್ತೇವಲ್ಲ, ಅದು ಇದೇ. ನೆಟ್ಟ ಗೆರೆ ಎಳೆದು ನೋಡಿದರೆ ಈ ದೋಷ ಕಾಣಿಸದು. ಒತ್ತಕ್ಷರಗಳದು ಬೇರೆ ಕಷ್ಟ: ‘ಸ್ತ್ರೀ’, ‘ಲಕ್ಷ್ಮಿ’ ಎಂದು ಸಣ್ಣ ಗೆರೆಪಟ್ಟಿಯಲ್ಲಿ ದಪ್ಪ ಮೊನೆಯಿಂದ ಬರೆದರೆ ಕೆಳಗಿನ ಒತ್ತು ಮುದ್ದೆಯಾಗುತ್ತದೆ. ಬಾಲ್‌ಪೆನ್ನಾದರೆ 0.7, ಜೆಲ್ಲಾದರೆ 0.5 ಎಂದು ಶುರುಮಾಡಿ. ಜೆಲ್ ಶಾಯಿ ಕಾಗದದಲ್ಲಿ ತುಸು ಹಬ್ಬುವುದರಿಂದ ಅಲ್ಲಿ ಸಣ್ಣ ಮೊನೆ ಬೇಕು.

ಭಟ್ಕಳದ ಮಕ್ಕಳಿಗೆ ಇನ್ನೊಂದು ಮಾತು. ಅವರಲ್ಲಿ ಎಷ್ಟೋ ಜನ ಒಂದೇ ಪೆನ್ನಿನಿಂದ ಕನ್ನಡವನ್ನು ಎಡದಿಂದ ಬಲಕ್ಕೂ ಉರ್ದುವನ್ನು ಬಲದಿಂದ ಎಡಕ್ಕೂ ಬರೆಯುತ್ತಾರೆ. ಬಲಗೈಯವರು ಉರ್ದು ಬರೆಯುವಾಗ ಕೈ ಈಗಷ್ಟೇ ಬರೆದ ಅಕ್ಷರದ ಮೇಲೆ ಸಾಗುವುದುಂಟು. ಎಡಗೈಯವರಿಗೆ ಕನ್ನಡದಲ್ಲೇ ಈ ಪೇಚು. ಅಂಥವರು ಒಣಗಲು ತಡ ಮಾಡುವ ಜೆಲ್ ಬಿಟ್ಟು ಬಾಲ್‌ಪೆನ್ನು ಹಿಡಿಯುವುದೇ ಸೈ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಲು ಮಾತ್ರ ಹೋಗಬೇಡಿ. ಬದಲಿಸಬೇಕಾದ್ದು ಪೆನ್ನನ್ನು, ಕೈಯನ್ನಲ್ಲ.

ಅಂಗಡಿಗೆ ಹೋಗುವಾಗ ನಿಮ್ಮ ಪಟ್ಟಿಯದೇ ಒಂದು ಹಾಳೆ ಜೊತೆಗಿರಲಿ. ಅಂಗಡಿಯವರು ಕೊಡುವ ರಟ್ಟಿನ ಚೂರಿನ ಮೇಲೆ ಎಲ್ಲ ಪೆನ್ನೂ ಚೆನ್ನಾಗಿಯೇ ಬರೆಯುತ್ತದೆ. ನಿಮ್ಮ ಹೆಸರು, ಊರಿನ ಹೆಸರು ಬರೆಯಿರಿ. ‘ಹೊನ್ನಾವರ’ದಲ್ಲಿ ದುಂಡೂ ಇದೆ, ಒತ್ತೂ ಇದೆ. ಬೊಟ್ಟು ಬಿದ್ದಿತೇ, ನಡುವೆ ಗೆರೆ ಹಾರಿತೇ ನೋಡಿ. ಹಾಳೆ ತಿರುಗಿಸಿ, ಹಿಂದೆ ಶಾಯಿ ಮೂಡಿದೆಯೇ ನೋಡಿ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: ಇದರ ರೀಫಿಲ್ ನಿಮ್ಮಲ್ಲಿ ಯಾವಾಗಲೂ ಸಿಗುತ್ತದೆಯೇ? ರೆನಾಲ್ಡ್ಸ್, ಸೆಲ್ಲೋ, ಲಿಂಕ್, ಫ್ಲೇರ್ ಯಾವುದೇ ಇರಲಿ, ನಿಮ್ಮೂರಿನ ಅಂಗಡಿಯಲ್ಲಿ ರೀಫಿಲ್ ಇದ್ದರೆ ಅದು ನಂಬುವ ಪೆನ್ನು. ಎಷ್ಟೇ ಚಂದದ ಪೆನ್ನಾದರೂ ಶಾಯಿ ಮುಗಿದಾಗ ರೀಫಿಲ್ಲಿಗಾಗಿ ಹುಬ್ಬಳ್ಳಿಗೋ ಮಂಗಳೂರಿಗೋ ಹೇಳಿ ಕಳಿಸಬೇಕಾದರೆ ನಿತ್ಯದ ಕೆಲಸಕ್ಕೆ ಒದಗದು. ರೀಫಿಲ್ ಕೊಳ್ಳುವಾಗ ಹಳೆಯದನ್ನು ಒಯ್ದು ಉದ್ದ ಹೋಲಿಸಿ ತನ್ನಿ. ಕೂದಲೆಳೆ ಉದ್ದವಾದರೂ ಪೆನ್ನು ಮುಚ್ಚುವುದಿಲ್ಲ, ಗಿಡ್ಡವಾದರೆ ಮೊನೆ ಒಳಗೆ ಸರಿಯುತ್ತದೆ.

ಪರೀಕ್ಷೆಗೆ ಹೊಸ ಪೆನ್ನು ಒಯ್ಯಬೇಡಿ. ಒಂದು ವಾರವಾದರೂ ಬರೆದು ಕೈಗೆ ಪಳಗಿದ್ದು ಒಂದು, ಅದರ ಜೋಡಿ ಇನ್ನೊಂದು ಇರಲಿ. ಎಸ್ಸೆಸ್ಸೆಲ್ಸಿಯ ಹೊತ್ತಿಗೆ ನಮ್ಮಲ್ಲಿ ಸೆಕೆ ಏರಿರುತ್ತದೆ, ಅಂಗೈ ಬೆವರುತ್ತದೆ. ಜೆಲ್ಲಿನಲ್ಲಿ ಬರೆಯುವವರು ಆ ಬೆವರನ್ನು ಒರೆಸಲು ಕರವಸ್ತ್ರ ಇಟ್ಟುಕೊಳ್ಳಿ. ಓಎಂಆರ್ ಹಾಳೆಯ ವೃತ್ತ ತುಂಬಲು ಬಾಲ್‌ಪೆನ್ನನ್ನೇ ಕೇಳುತ್ತಾರೆ, ಸೂಚನೆ ಓದಿಕೊಳ್ಳಿ.

ನಿಬ್ಬಿನ ಪೆನ್ನಿನ ಮೇಲೆ ನನಗೆ ತುಂಬ ಪ್ರೀತಿ. ಒತ್ತದೆ ಬರೆಯುವುದನ್ನು, ಅಕ್ಷರ ತಿದ್ದುವುದನ್ನು ಅದರಷ್ಟು ಚೆನ್ನಾಗಿ ಕಲಿಸುವುದು ಇನ್ನೊಂದಿಲ್ಲ. ಮನೆಯ ಮೇಜಿನ ಮೇಲೆ ಒಂದು ಇರಲಿ. ಛತ್ರಿ ಹಿಡಿದು ಬಸ್ಸಿಗೆ ಓಡುವ ದಿನಗಳಿಗೆ ಅದು ಹೇಳಿದ್ದಲ್ಲ. ತೊಳೆದರೆ ಹೋಗುವ ನೀಲಿ ಶಾಯಿ ಮಳೆಗೆ ಸಿಕ್ಕಿದರೆ ಹಾಳೆಯ ಮೇಲೆ ಏನೂ ಉಳಿಯುವುದಿಲ್ಲ.

ಜೋಪಾನದ ಬಗ್ಗೆ ಎರಡು ಮಾತು. ಜೆಲ್ ಪೆನ್ನು ಮೊನೆ ಕೆಳಗಾಗಿ ನೆಲಕ್ಕೆ ಬಿದ್ದರೆ ಗುಂಡಿನ ಗೂಡು ಜಜ್ಜಿ, ಮುಂದೆ ಅದು ಬಿಟ್ಟು ಬಿಟ್ಟು ಬರೆಯುತ್ತದೆ. ಕ್ಯಾಪಿನ ತುದಿಯ ತೂತನ್ನು ಮುಚ್ಚಬೇಡಿ: ಮಕ್ಕಳು ಕ್ಯಾಪು ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರು ಸ್ವಲ್ಪವಾದರೂ ಆಡಲಿ ಎಂದು ಇಟ್ಟ ತೂತು ಅದು. ಪೆನ್ನನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ, ಬಿಸಿಗೆ ಶಾಯಿ ತೆಳುವಾಗಿ ಸೋರುತ್ತದೆ. ಕಿಸೆಯಲ್ಲಿ ಬಾಲ್‌ಪೆನ್ನು ಸೋರಿ ಅಂಗಿಗೆ ಕಲೆಯಾದರೆ ನೀರು ಹಾಕಿ ತಿಕ್ಕಬೇಡಿ. ಕಲೆಯ ಅಡಿಗೆ ಹಳೆ ಬಟ್ಟೆ ಇಟ್ಟು, ಮೇಲಿನಿಂದ ಸ್ಪಿರಿಟ್ ಅಥವಾ ಕೈಗೆ ಹಚ್ಚುವ ಸ್ಯಾನಿಟೈಸರ್ ಹನಿಸಿ ಒತ್ತಿ ಒತ್ತಿ ತೆಗೆಯಿರಿ, ಆಮೇಲೆ ಸಾಬೂನು ಹಚ್ಚಿ ಒಗೆಯಿರಿ.