ತಂತಿಯಲ್ಲಿ ಬರೆದ ಒಡವೆ

ಒಡವೆ ಅಂದ ಕೂಡಲೇ ನಾವು ಕೇಳೋ ಮೊದಲ ಪ್ರಶ್ನೆ "ಎಷ್ಟು ಗ್ರಾಂ?" ಎಂದು. ಕಷ್ಟ ಬಂದಾಗ ಅಡವಿಡಲು ಚಿನ್ನ ಬೇಕು, ಅದು ಸುಳ್ಳಲ್ಲ. ಆದರೆ ತೂಕವೇ ಇಲ್ಲದ ಒಡವೆಗೂ ಬೆಲೆ ಇರಬಹುದೇ? ಇದನ್ನು ತಿಳಿಯಲು ಒಬ್ಬ ಶಿಲ್ಪಿಯ ಕೆಲಸ ನೋಡೋಣ.

ಕಾಲ್ಡರ್ ಎಂಬ ಶಿಲ್ಪಿ

ಅಲೆಕ್ಸಾಂಡರ್ ಕಾಲ್ಡರ್ (1898–1976) ಅಮೆರಿಕದವರು. ತಂದೆ, ತಾತ ಇಬ್ಬರೂ ಶಿಲ್ಪಿಗಳು. ಎಂಟು ವರ್ಷದವರಿದ್ದಾಗ, ಬೀದಿಯಲ್ಲಿ ವಿದ್ಯುತ್ ಕೆಲಸಗಾರರು ಬಿಸಾಡಿದ ತಾಮ್ರದ ತಂತಿ ಆಯ್ದು ಅಕ್ಕನ ಗೊಂಬೆಗಳಿಗೆ ಒಡವೆ ಮಾಡಿದರು. 1919ರಲ್ಲಿ ಎಂಜಿನಿಯರಿಂಗ್ ಪಾಸಾದರು. ಆಮೇಲೆ ಗಾಳಿಗೆ ತೂಗಾಡುವ 'ಮೊಬೈಲ್' ಶಿಲ್ಪಗಳಿಂದ ಪ್ರಸಿದ್ಧರಾದರು. (ಇದು ಫೋನಲ್ಲ!)

ಒಡವೆ ಮಾಡೋದನ್ನು ಮಾತ್ರ ಅವರು ಬಿಡಲಿಲ್ಲ. ಸುಮಾರು 1800 ಒಡವೆ ಮಾಡಿದರು. ಹೆಚ್ಚಿನವು ಹಿತ್ತಾಳೆ, ಬೆಳ್ಳಿ ತಂತಿಯವು. ಒಡೆದ ಗಾಜು, ಮಡಕೆಚೂರು, ನುಣುಪಾದ ಕಲ್ಲುಗಳನ್ನೂ ರತ್ನದಂತೆ ಕೂರಿಸಿದರು. ಬೆಸುಗೆ ಹಾಕಿದ್ದು ಅಪರೂಪ. ಬಡಿದು, ಬಗ್ಗಿಸಿ, ಸುತ್ತಿಯೇ ಜೋಡಿಸುತ್ತಿದ್ದರು. ಬಹಳಷ್ಟನ್ನು ಹೆಂಡತಿಗೆ, ನೆಂಟರಿಷ್ಟರಿಗೆ ಉಡುಗೊರೆ ಕೊಟ್ಟರು. 1955ರಲ್ಲಿ ಅಹಮದಾಬಾದಿನ ಸಾರಾಭಾಯಿ ಮನೆತನದ ಕರೆಯ ಮೇಲೆ ಭಾರತಕ್ಕೂ ಬಂದು, ಇಲ್ಲಿ ಶಿಲ್ಪ, ಒಡವೆ ಎರಡನ್ನೂ ಮಾಡಿದರು.

ತಂತಿ ಗಟ್ಟಿಯಾಗುವುದು ಹೇಗೆ?

ತಾಮ್ರದ ತಂತಿಯನ್ನು ಬಗ್ಗಿಸಿ ಬಗ್ಗಿಸಿ ನೋಡಿ. ಮೊದಲು ಮೆತ್ತಗಿದ್ದದ್ದು ಬರಬರುತ್ತ ಬಿರುಸಾಗುತ್ತೆ, ಕೊನೆಗೆ ಮುರಿಯುತ್ತೆ. ಬಗ್ಗಿಸಿದಾಗಲೂ ಬಡಿದಾಗಲೂ ಲೋಹದೊಳಗಿನ ಪರಮಾಣುಗಳ ಸಾಲು ಕದಲಿ ಸಿಕ್ಕುಸಿಕ್ಕಾಗುವುದೇ ಕಾರಣ. ಕೆಂಪಗೆ ಕಾಯಿಸಿದರೆ ಸಾಲುಗಳು ಮತ್ತೆ ಸರಿಹೊಂದಿ ತಂತಿ ಮೆತ್ತಗಾಗುತ್ತೆ. ಕಬ್ಬಿಣದ ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದಿದರೆ ಬಿರುಸಾಗುತ್ತೆ, ತಾಮ್ರ ಹಾಗಲ್ಲ. ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತೆ.

ಯಾವ ಕಲ್ಲು?

ನಮ್ಮ ಹೊಲದ ಬೆಣಚುಕಲ್ಲು ಸಾಕು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಮಾಣಿಕ್ಯ 9, ಬೆಣಚುಕಲ್ಲು 7, ತಾಮ್ರ ಸುಮಾರು 3. ಹಾಗಾಗಿ ತಂತಿಯಿಂದ ಕಲ್ಲಿಗೆ ಗೀರು ಬೀಳಲ್ಲ. ಅಂಗಡಿಯಲ್ಲಿ ಮಾರುವ ನೇರಳೆ ಬಣ್ಣದ ಅಮೆಥಿಸ್ಟ್ ರತ್ನವೂ ಬೆಣಚುಕಲ್ಲಿನ ಜಾತಿಯೇ!

ಮಾಡುವ ಕ್ರಮ

1. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿ, 1 ಮಿ.ಮೀ. ದಪ್ಪದ ಹಳೇ ತಾಮ್ರದ ತಂತಿ ಅರ್ಧ ಮೀಟರ್ ತನ್ನಿ. ಮೇಲಿನ ಬಣ್ಣದ ಲೇಪವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೀರಿ. ಸುಡಬೇಡಿ, ಹೊಗೆ ವಿಷ.
2. ಒಂದು ತುದಿಯಿಂದ ಚಕ್ಕುಲಿಯಂತೆ ಸುರುಳಿ ಸುತ್ತಿ. ಕಲ್ಲಿಗಿಂತ ಸ್ವಲ್ಪ ಚಿಕ್ಕದಿರಲಿ.
3. ಸುರುಳಿಯನ್ನು ಮಾತ್ರ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಚಪ್ಪಟೆ ಮಾಡಿ.
4. ಅದರ ಮೇಲೆ ಕಲ್ಲಿಟ್ಟು, ಉಳಿದ ತಂತಿಯನ್ನು ಕಲ್ಲಿನ ಮೇಲಿಂದ ಓರೆಯಾಗಿ ತಂದು, ಸುರುಳಿಯ ಕೆಳಗಿನಿಂದ ಸುತ್ತಿ, ಮತ್ತೆ ಇನ್ನೊಂದು ಓರೆಗೆ ತನ್ನಿ. ಕಲ್ಲಿನ ಮೇಲೆ ಗುಣಾಕಾರದ ಗುರುತು ಮೂಡಬೇಕು.
5. ಮೇಲ್ಗಡೆ ಪೆನ್ಸಿಲ್ಲಿಗೆ ಸುತ್ತಿ ಕುಣಿಕೆ ಮಾಡಿ, ಬುಡಕ್ಕೆ ಮೂರು ಸುತ್ತು ಹಾಕಿ, ತುದಿಯನ್ನು ಒಳಕ್ಕೆ ಮಡಚಿ. ದಾರ ಪೋಣಿಸಿದರೆ ಪದಕ ಸಿದ್ಧ!

ಎಚ್ಚರಿಕೆ: ಕಂಬದ ತಂತಿ, ಬಿದ್ದ ಕರೆಂಟ್ ತಂತಿ ಯಾವತ್ತೂ ಮುಟ್ಟಬಾರದು. ಕತ್ತರಿಸುವಾಗ ತುಂಡು ಕಣ್ಣಿಗೆ ಹಾರದಂತೆ ಕೈ ಅಡ್ಡ ಹಿಡೀರಿ. ಬೆವರಿಗೆ ತಾಮ್ರ ಹಸಿರು ಕಲೆ ಬಿಟ್ಟರೆ ಹೆದರಬೇಡಿ. ಪದಕವನ್ನು ಹುಣಸೇಹಣ್ಣಿನಲ್ಲಿ ಉಜ್ಜಿ ತೊಳೆಯಿರಿ.

ಕೊನೆಯ ಮಾತು

ಇಬ್ಬರು ಒಂದೇ ಅಳತೆಯ ತಂತಿ ತಗೊಂಡರೂ ಸುರುಳಿಗಳು ಒಂದೇ ಥರ ಬರಲ್ಲ. ನಮ್ಮ ಕೈಬರಹ ಬೇರೆ ಬೇರೆ ಇರುವ ಹಾಗೇ ಇದೂ. ಈ ಪದಕವನ್ನು ಯಾರೂ ಅಡವಿಟ್ಟುಕೊಳ್ಳಲ್ಲ ನಿಜ. ಆದರೆ ಮದುವೆಮನೆಗೆ ಬರಿಗೊರಳಲ್ಲಿ ಹೋಗೋಕೆ ನಾಚುವ ಗೆಳತಿ ಇದನ್ನು ಹಾಕಿಕೊಂಡು "ನಾನೇ ಮಾಡಿದ್ದು" ಅಂತ ತಲೆಯೆತ್ತಿ ಹೇಳಬಹುದು. ಆ ಮಾತನ್ನು ಯಾವ ತಕ್ಕಡಿ ತೂಗುತ್ತೆ?

ಪ್ರಶ್ನೆ: ಬಡಿದ ಸುರುಳಿ, ಬಡಿಯದ ಸುರುಳಿ ಎರಡನ್ನೂ ಬಗ್ಗಿಸಿ ನೋಡಿ. ಯಾವುದು ಬಿರುಸು? ಏಕೆ?