ನಾಯಿಮರಿಗೆ ಏನು ಉಣಿಸಬೇಕು?

ನಮ್ಮ ತಾಳವಾಡಿ ಸೀಮೆಯಲ್ಲಿ ಹೊಲಕ್ಕೂ ಆಡುಕುರಿ ಹಟ್ಟಿಗೂ ಕಾವಲಿಗೆ ನಾಯಿ ಬೇಕೇ ಬೇಕು. ಆದರೆ ಕಣ್ಣು ಬಿಟ್ಟ ಕೂಡಲೇ ಮರಿಯನ್ನು ಎತ್ತಿ ತಂದು, ನೀರು ಬೆರೆಸಿದ ಹಸುವಿನ ಹಾಲು ಕುಡಿಸುವುದು ಸರಿಯಲ್ಲ. ಚಿಕ್ಕದರಲ್ಲೇ ತಂದರೆ ಮನೆಗೆ ಒಗ್ಗುತ್ತದೆ ಎಂಬುದು ಬರೀ ಹೇಳಿಕೆ ಮಾತು. ತಾಯಿ ನಾಯಿಯ ಹಾಲಿನಲ್ಲಿ ಸಸಾರಜನಕವೂ ಕೊಬ್ಬೂ ಹಸುವಿನ ಹಾಲಿನ ಎರಡರಷ್ಟಿದೆ. ಹಸುವಿನ ಹಾಲಿನ ಸಕ್ಕರೆ ಅಂಶ ಮರಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಎಂಟು ವಾರ ತಾಯಿಯ ಬಳಿಯೇ ಇರಲಿ.

ನಾಲ್ಕನೆಯ ವಾರದಿಂದ ಮೆತ್ತಗಿನ ಅನ್ನ ಅಥವಾ ರಾಗಿ ಅಂಬಲಿಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಕಲಸಿ ಕೊಡಿ. ಬರೀ ಮುದ್ದೆಯಿಂದ ಹೊಟ್ಟೆ ತುಂಬೀತು, ಮೈ ಬೆಳೆಯದು. ಮೂರು ತಿಂಗಳವರೆಗೆ ದಿನಕ್ಕೆ 4 ಸಲ, ಆರು ತಿಂಗಳವರೆಗೆ 3 ಸಲ. ಪೊಟ್ಟಣದ ಆಹಾರ ಕೊಳ್ಳುವವರು 'ಪಪ್ಪಿ' ಎಂದು ಬರೆದದ್ದನ್ನೇ ಕೊಳ್ಳಿರಿ. ಅದರ ಜೊತೆ ಬೇರೆ ಕ್ಯಾಲ್ಸಿಯಂ ಟಾನಿಕ್ ಬೇಡ. ಹಬ್ಬದೂಟದ ಎಲೆಯಲ್ಲಿ ಉಳಿದ ಮಸಾಲೆಯನ್ನು ಹಾಕಲೇಬೇಡಿ. ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ, ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ಚೆನ್ನಾಗಿ ತಿಂದರೂ ಹೊಟ್ಟೆ ಡೊಳ್ಳಾಗಿ ಬೆನ್ನು ಒಣಗಿದ್ದರೆ ಜಂತುಹುಳುವಿರಬಹುದು. ಎರಡನೆಯ ವಾರದಿಂದಲೇ ಪಶುವೈದ್ಯರನ್ನು ಕೇಳಿ ಔಷಧ ಹಾಕಿಸಬೇಕು. ಈ ಹುಳುವಿನ ಮೊಟ್ಟೆ ಅಂಗಳದ ಮಣ್ಣಿನಿಂದ ಮಕ್ಕಳ ಬಾಯಿಗೂ ಸೇರುತ್ತದೆ, ಕೆಲವೊಮ್ಮೆ ಕಣ್ಣಿಗೇ ಹಾನಿ ಮಾಡುತ್ತದೆ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಚುಚ್ಚುಮದ್ದು, ಮುಂದೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಿರಿ.